ಮುಳ್ಳು ನಡುವಿನಲ್ಲೇ ಇದೆ, ಹೌಸಿಂಗ್ ಸುಡುತ್ತಿದೆ

ಮಳೆಗಾಲ ಮುಗಿದು ರಸ್ತೆ ಒಣಗಿದರೆ ಸಾಕು, ಇಂಥ ಪತ್ರಗಳು ಶುರು. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಕಾರು ಒಯ್ದು ಬಂದವರು ‘ಗಾಡಿ ಹೀಟ್ ಆಗ್ತದೆ, ಏನು ಹಾಕಿಸ್ಬೇಕು’ ಎಂದು ಕೇಳುತ್ತಾರೆ. ಎಲ್ಲಿ ಹೀಟ್ ಆಗುತ್ತಿದೆ, ಎಷ್ಟು ಆಗುತ್ತಿದೆ ಎಂದು ಅಳೆದು ಬರೆದವರು ಅಪರೂಪ. ಈ ಸಲ ಒಂದೇ ಪ್ರಶ್ನೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಇದೇ ತಪ್ಪು ಸಲಹೆಗೆ ಬಲಿಯಾದ ಗಾಡಿಗಳು ಕಾರವಾರದ ನನ್ನ ಗ್ಯಾರೇಜಿಗೆ ಮತ್ತೆ ಮತ್ತೆ ಬರುತ್ತಿವೆ.

ಪ್ರಶ್ನೆ: ನನ್ನದು ಹಿಂದಿನ ಚಕ್ರ ಎಳೆಯುವ ಟರ್ಬೊ ಪೆಟ್ರೋಲ್ ಕಾರು, ಮ್ಯಾನ್ಯುವಲ್ ಗೇರ್, ಸುಮಾರು 200 ಎಚ್‌ಪಿ. ಟ್ರ್ಯಾಕಿನಲ್ಲಿ ಐದಾರು ಲ್ಯಾಪ್ ಆದಮೇಲೆ ಹಿಂದಿನಿಂದ ಗಂಧಕದಂಥ ವಾಸನೆ ಬರುತ್ತದೆ, ಆಕ್ಸಿಲರೇಟರ್ ಬಿಟ್ಟಾಗ ಕುಂಯ್ ಎಂಬ ಸದ್ದು. ಟೆಂಪರೇಚರ್ ಮುಳ್ಳು ಮಾತ್ರ ನಡುವಿನಿಂದ ಅಲ್ಲಾಡಿಲ್ಲ. ನಮ್ಮೂರಿನ ಒಂದು ಗ್ಯಾರೇಜಿನಲ್ಲಿ ಥರ್ಮೋಸ್ಟ್ಯಾಟ್ (ರೇಡಿಯೇಟರಿಗೆ ನೀರಿನ ದಾರಿ ತೆರೆಯುವ ವಾಲ್ವ್) ತೆಗೆಸಿ, ಬಾನೆಟ್ ಹಿಂದೆ ವಾಷರ್ ಕೊಟ್ಟು ಎತ್ತರಿಸಲು ಹೇಳಿದ್ದಾರೆ. ಮಾಡಿಸಲೇ? (ಶಿರಸಿ)

ಉತ್ತರ: ಎರಡನ್ನೂ ಮಾಡಿಸಬೇಡಿ. ನಿಮ್ಮ ತೊಂದರೆ ಇಂಜಿನ್ನಿನಲ್ಲಿಲ್ಲ, ಡಿಫರೆನ್ಷಿಯಲ್‌ನಲ್ಲಿದೆ, ಅಂದರೆ ಹಿಂದಿನ ಎರಡು ಚಕ್ರಗಳ ನಡುವೆ ಕೂತು ಇಂಜಿನ್ನಿನ ಬಲವನ್ನು ಅವಕ್ಕೆ ಹಂಚುವ ಗೇರುಗಳ ಪೆಟ್ಟಿಗೆಯಲ್ಲಿ. ಅದರ ಹೊರಗಿನ ಲೋಹದ ಚಿಪ್ಪೇ ಹೌಸಿಂಗ್. ಹಿಂದಿನಿಂದ ವಾಸನೆ ಬರುತ್ತಿರುವ ಗಾಡಿಯ ಮುಂದಿನ ಬಾನೆಟ್ ಎತ್ತಲು ಹೇಳಿದವರ ಹತ್ತಿರ ಇನ್ನೊಮ್ಮೆ ಗಾಡಿ ಬಿಡಬೇಡಿ.

ಮೊದಲು ಆ ಮುಳ್ಳಿನ ವಿಷಯ. ಈಗಿನ ಬಹುಪಾಲು ಕಾರುಗಳಲ್ಲಿ ಕೂಲೆಂಟ್ 80ರಿಂದ 105 ಡಿಗ್ರಿಯೊಳಗೆ ಎಲ್ಲಿದ್ದರೂ ಮುಳ್ಳು ನಡುವಿನಲ್ಲೇ ನಿಲ್ಲುವಂತೆ ಕಂಪನಿಯವರೇ ಮಾಡಿರುತ್ತಾರೆ. ಮುಳ್ಳು ಆಚೀಚೆ ಆಡಿದರೆ ಗಿರಾಕಿ ಗಾಬರಿಯಾಗುತ್ತಾನೆ ಎಂಬ ಕಾರಣಕ್ಕೆ. ಅದು ಮೇಲೇಳುವ ಹೊತ್ತಿಗೆ ಅಪಾಯ ಬಂದಾಗಿರುತ್ತದೆ. ಇಂಜಿನ್ ಆಯಿಲ್, ಗೇರ್ ಆಯಿಲ್, ಡಿಫರೆನ್ಷಿಯಲ್ ಆಯಿಲ್ ಇವು ಮೂರರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಟ್ರ್ಯಾಕಿನಲ್ಲಿ ಸಾಯುವುದು ಹೆಚ್ಚಾಗಿ ಈ ಮೂರೇ.

ಡಿಫರೆನ್ಷಿಯಲ್ ಯಾಕೆ ಇಷ್ಟು ಕಾಯುತ್ತದೆ? ಇಂಜಿನ್ ಕಡೆಯಿಂದ ಬಲ ತರುವ ಸಣ್ಣ ಗೇರು ಪಿನಿಯನ್, ಅದು ತಿರುಗಿಸುವ ದೊಡ್ಡದು ಕ್ರೌನ್. ಕ್ರೌನಿನ ನಡುಗೆರೆಗಿಂತ ಕೆಳಗೆ ಪಿನಿಯನ್ ಕೂತಿರುತ್ತದೆ. ಹಾಗಾಗಿ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಉದ್ದಕ್ಕೂ ಜಾರುತ್ತವೆ. ಜಾರಿದಲ್ಲೆಲ್ಲ ಬಿಸಿ. 200 ಎಚ್‌ಪಿ ಅಂದರೆ ಸುಮಾರು 150 ಕಿಲೋವ್ಯಾಟ್. ಲ್ಯಾಪಿನ ಸರಾಸರಿ ಅದರಲ್ಲಿ ಅರ್ಧ ಎಂದು ಹಿಡಿದು, ನೂರಕ್ಕೆ ನಾಲ್ಕು ಪಾಲು ಕ್ರೌನ್-ಪಿನಿಯನ್‌ನಲ್ಲಿ ಬಿಸಿಯಾಗಿ ಹೋಗುತ್ತದೆ ಅಂದುಕೊಂಡರೂ 3 ಕಿಲೋವ್ಯಾಟ್ ಆಯಿತು. ಬಚ್ಚಲಿನ ಗೀಸರ್ 2 ಕಿಲೋವ್ಯಾಟಿನದು, ಅದು ಕಾಯಿಸುವುದು 15 ಲೀಟರ್ ನೀರನ್ನು. ಇಲ್ಲಿ ಒಂದೂವರೆ ಗೀಸರ್ ಒಂದು ಲೀಟರಿನಷ್ಟು ಆಯಿಲಿನೊಳಗೆ ಮುಳುಗಿ ಬಿಡುವಿಲ್ಲದೆ ಉರಿಯುತ್ತಿದೆ. ಅದಕ್ಕೆ ರೇಡಿಯೇಟರ್ ಇಲ್ಲ, ಫ್ಯಾನ್ ಇಲ್ಲ, ಪಕ್ಕದಲ್ಲೇ ಸೈಲೆನ್ಸರ್ ಪೈಪ್ ಹಾದುಹೋಗುತ್ತದೆ. ರಸ್ತೆಯಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತುವುದು ಕೆಲವೇ ಕ್ಷಣ, ಹಾಗಾಗಿ ಇದು ಯಾರ ಗಮನಕ್ಕೂ ಬರುವುದಿಲ್ಲ.

ಆಯಿಲ್ ಕಾದರೆ ಹಿಗ್ಗುತ್ತದೆ, ನೊರೆಯಾಗುತ್ತದೆ, ಹೌಸಿಂಗ್ ಗಾಳಿ ಬಿಡುವ ಕಿಂಡಿಯಾದ ಬ್ರೀದರಿನಿಂದ ಉಕ್ಕಿ ಬಿಸಿ ಸೈಲೆನ್ಸರ್ ಮೇಲೆ ಬೀಳುತ್ತದೆ. ನಿಮಗೆ ಬಂದ ಗಂಧಕದ ವಾಸನೆ ಅದೇ. ಡಿಫರೆನ್ಷಿಯಲ್‌ಗೆ ಹಾಕುವ ಜಿಎಲ್-5 ದರ್ಜೆಯ ಆಯಿಲಿಗೆ ಹಲ್ಲು ಸವೆಯದಿರಲೆಂದು ಗಂಧಕ-ರಂಜಕದ ಅಂಶ ಸೇರಿಸಿರುತ್ತಾರೆ. ನಮ್ಮ ಜಿಲ್ಲೆಯ ಗಾಡಿಗಳಲ್ಲಿ ಇನ್ನೊಂದು ಪಜೀತಿಯಿದೆ. ಕಳೆದ ತಿಂಗಳು ಒಂದು ಗಾಡಿಯ ಬ್ರೀದರ್ ಬಿಚ್ಚಿದೆ. ಬೆಂಕಿಕಡ್ಡಿ ತೂರುವಷ್ಟು ಸಣ್ಣ ರಂಧ್ರ, ಅದರೊಳಗೆ ಕೆಂಪು ಮಣ್ಣು ಆಯಿಲಿನಲ್ಲಿ ಕಲಸಿ, ಕಾದು, ಹೆಂಚಿನ ಚೂರಿನಂತೆ ಗಟ್ಟಿಯಾಗಿತ್ತು. ತಂತಿಯಿಂದ ಚುಚ್ಚಿದಾಗ ಪುಸ್ ಎಂದು ಗಾಳಿ ಹೊರಬಂತು, ಗಾಡಿ ರಾತ್ರಿಯಿಡೀ ನಿಂತು ತಣ್ಣಗಾಗಿದ್ದರೂ. ಉಸಿರಾಡಲು ದಾರಿಯಿಲ್ಲದ ಹೌಸಿಂಗ್ ಪಿನಿಯನ್ ಸೀಲನ್ನೇ ದೂಡಿ ಆಯಿಲ್ ಕಾರುತ್ತದೆ. ಆಯಿಲ್ ಕಡಿಮೆಯಾದಷ್ಟೂ ಉಳಿದದ್ದು ಇನ್ನೂ ಬೇಗ ಕಾಯುತ್ತದೆ.

ಹಾಗಾಗಿ ಮೊದಲ ಕೆಲಸ: ಡಿಫರೆನ್ಷಿಯಲ್‌ನ ಆಯಿಲ್ ಇಳಿಸುವ ಡ್ರೈನ್ ಬೋಲ್ಟ್ ಬಿಚ್ಚಿ, ಅದರ ತುದಿಯ ಮ್ಯಾಗ್ನೆಟ್ ನೋಡಿ. ಬೂದು ಬಣ್ಣದ ಮೆತ್ತನೆ ಪೇಸ್ಟ್ ಇದ್ದರೆ ಹೆದರಬೇಕಿಲ್ಲ. ಬೆರಳಿಗೆ ಚುಚ್ಚುವ ಚೂರು ಸಿಕ್ಕಿದರೆ, ಅಥವಾ ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬಂದರೆ, ಹೌಸಿಂಗ್ ಬಿಚ್ಚಿ ಹಲ್ಲು ಮತ್ತು ಬೇರಿಂಗ್ ನೋಡದೆ ಟ್ರ್ಯಾಕಿಗೆ ಹೋಗಬೇಡಿ. ಆಕ್ಸಿಲರೇಟರ್ ಬಿಟ್ಟಾಗ ಸದ್ದು ಬರುತ್ತದೆ ಎಂದಿದ್ದೀರಿ. ಅದು ಪಿನಿಯನ್ ಬೇರಿಂಗ್ ಸಡಿಲವಾದುದರ ಗುರುತಾಗಿರಬಹುದು, ಹಗುರವಾಗಿ ತೆಗೆದುಕೊಳ್ಳಬೇಡಿ.

ಎರಡನೆಯದು ಅಳತೆ. ಬಿಸಿಗೆ ಬಣ್ಣ ಬದಲಿಸುವ ಸ್ಟಿಕರ್ ಸಿಗುತ್ತದೆ, ಮುಟ್ಟಿದ ಗರಿಷ್ಠ ಡಿಗ್ರಿಯ ಚೌಕ ಕಪ್ಪಾಗಿ ಹಾಗೇ ಉಳಿಯುತ್ತದೆ. ಅದನ್ನು ಹೌಸಿಂಗ್ ಮೇಲೆ ಅಂಟಿಸಿ. ಇನ್‌ಫ್ರಾರೆಡ್ ಗನ್ ಬಳಸುವವರು ಹೊಳೆಯುವ ಅಲ್ಯೂಮಿನಿಯಂ ಮೇಲೆ ಹಿಡಿದು ‘70 ಡಿಗ್ರಿ ಮಾತ್ರ’ ಎಂದು ನೆಮ್ಮದಿಯಾಗಿರುತ್ತಾರೆ. ಹೊಳಪಿನ ಮೇಲೆ ಅದು ಕಡಿಮೆ ತೋರಿಸುತ್ತದೆ. ರೂಪಾಯಿ ಅಗಲದಷ್ಟು ಜಾಗಕ್ಕೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದು ಅಲ್ಲಿ ಹಿಡಿಯಿರಿ. ನನ್ನ ಲೆಕ್ಕ ಬಿಗಿ: ಆಯಿಲ್ 120 ದಾಟಿದರೆ ವೇಗ ಇಳಿಸಿ, 130ಕ್ಕೆ ಪಿಟ್‌ಗೆ, ಅಂದರೆ ಟ್ರ್ಯಾಕ್ ಬದಿಯ ಗಾಡಿ ನಿಲ್ಲಿಸುವ ಜಾಗಕ್ಕೆ, ಬನ್ನಿ. ಇನ್ನೂ ತಡೆಯುತ್ತದೆ ಎನ್ನುವವರಿದ್ದಾರೆ, ಸಿಂಥೆಟಿಕ್ ಆಯಿಲ್ ತಡೆಯಬಹುದು ಕೂಡ. ಆದರೆ ರಬ್ಬರ್ ಸೀಲ್ ಗಡುಸಾಗುತ್ತ ಹೋಗುತ್ತದೆ, ಅದರ ಖರ್ಚು ಮುಂದಿನ ತಿಂಗಳು ಬರುತ್ತದೆ.

ಖರ್ಚು ಮಾಡುವ ಕ್ರಮವೂ ಮುಖ್ಯ. ಬ್ರೀದರ್ ಸ್ವಚ್ಛ ಮಾಡಿಸಿ, ಅದಕ್ಕೆ ಪೈಪ್ ಹಾಕಿ ಎತ್ತರಕ್ಕೆ ಒಯ್ಯಿರಿ. ಕಾರಿನ ಪುಸ್ತಕ ಒಪ್ಪುವ ಗ್ರೇಡಿನ ಪೂರ್ತಿ ಸಿಂಥೆಟಿಕ್ ಜಿಎಲ್-5 ಹಾಕಿಸಿ, ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಸುಮ್ಮನೆ ತಿರುಗದಂತೆ ತಡೆಯುವ ಡಿಫರೆನ್ಷಿಯಲ್) ಇದ್ದರೆ ಅದಕ್ಕೆ ಬೇಕಾದ ಫ್ರಿಕ್ಷನ್ ಮಾಡಿಫೈಯರ್ ಸಮೇತ. ಎರಡು ಟ್ರ್ಯಾಕ್ ಡೇಗೊಮ್ಮೆ ಬದಲಿಸಿ, ಒಂದು ಲೀಟರ್ ಆಯಿಲಿಗೆ ಜಿಪುಣತನ ಬೇಡ. ಸೈಲೆನ್ಸರ್ ಮತ್ತು ಹೌಸಿಂಗ್ ನಡುವೆ ಹೀಟ್ ಶೀಲ್ಡ್ ಕೊಡಿಸಿ. ಇಷ್ಟಾದರೂ 120 ದಾಟುತ್ತಿದ್ದರೆ ಆಗ ಆ ಆಯಿಲನ್ನು ಹೊರಗೆ ಎಳೆದು ತಣಿಸುವ ಪಂಪ್ ಮತ್ತು ಕೂಲರ್ ಮಾತು. ಆ ಪಂಪನ್ನು ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ಓಡಿಸಬಾರದು. ಶಿರಸಿಯ ಡಿಸೆಂಬರ್ ಬೆಳಗಿನಲ್ಲಿ ಗೇರ್ ಆಯಿಲ್ ಜೋನಿ ಬೆಲ್ಲದಂತಿರುತ್ತದೆ, ಅದನ್ನು ಎಳೆಯಲು ಹೋಗಿ ಮೋಟರ್ ಸುಡುತ್ತದೆ. ಆಯಿಲ್ 80 ಡಿಗ್ರಿಯ ಆಸುಪಾಸಿಗೆ ಬಂದಮೇಲೆ ಆನ್ ಆಗುವ ಸ್ವಿಚ್ ಹಾಕಿಸಿ. ಪಂಪಿಗೆ ಹೋಗುವ ದಾರಿಯಲ್ಲಿ ಜಾಲರಿಯೂ ಇರಲಿ.

ಗೇರ್‌ಬಾಕ್ಸ್ ಬಗ್ಗೆ ಒಂದೇ ಎಚ್ಚರಿಕೆ. ಉಳಿದ ಜಿಎಲ್-5 ಡಬ್ಬವನ್ನು ಮೇಸ್ತ್ರಿ ಗೇರ್‌ಬಾಕ್ಸಿಗೂ ಸುರಿಯದಂತೆ ಪಕ್ಕದಲ್ಲೇ ನಿಂತು ನೋಡಿಕೊಳ್ಳಿ. ಜಿಎಲ್-4 ದರ್ಜೆಯ ಆಯಿಲ್ ಕೇಳುವ ಪೆಟ್ಟಿಗೆಯಲ್ಲಿ ಗೇರು ಸಲೀಸಾಗಿ ಬೀಳಲು ಇರುವ ಹಿತ್ತಾಳೆ ಸಿಂಕ್ರೊ ರಿಂಗುಗಳನ್ನು ಅದು ತಿನ್ನಬಹುದು.

ಇನ್ನು ಥರ್ಮೋಸ್ಟ್ಯಾಟ್. ‘ಹೀಟ್ ಆದರೆ ವಾಲ್ವ್ ಕಿತ್ತು ಬಿಸಾಡಿ’ ಎಂಬ ಮಾತು ಕಾರವಾರದಿಂದ ಭಟ್ಕಳದವರೆಗೂ ಕೇಳುತ್ತೇನೆ, ಪ್ರತಿ ಸಲ ಸಿಟ್ಟು ಬರುತ್ತದೆ. ಟ್ರ್ಯಾಕಿನ ಬಿಸಿಯಲ್ಲಿ ಅದು ಹೇಗೂ ಪೂರ್ತಿ ತೆರೆದೇ ಇರುತ್ತದೆ, ಕಿತ್ತು ಗಳಿಸುವುದು ಏನೂ ಇಲ್ಲ. ಎಷ್ಟೋ ಇಂಜಿನ್‌ಗಳಲ್ಲಿ ಅದಕ್ಕೆ ಇನ್ನೊಂದು ಬಿಲ್ಲೆಯಿದೆ. ಮುಖ್ಯ ದಾರಿ ತೆರೆದಾಗ ಅದು ರೇಡಿಯೇಟರ್ ತಪ್ಪಿಸಿ ಹೋಗುವ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಕಿತ್ತರೆ ಬೈಪಾಸ್ ಬಾಯಿ ತೆರೆದೇ ಉಳಿದು, ಬಿಸಿ ನೀರಿನ ಒಂದು ಪಾಲು ರೇಡಿಯೇಟರಿನ ಮುಖವನ್ನೇ ನೋಡದೆ ಮತ್ತೆ ಇಂಜಿನ್ನಿಗೆ ಹೋಗುತ್ತದೆ. ತಣ್ಣಗಾಗಲೆಂದು ಮಾಡಿದ್ದು ಇನ್ನಷ್ಟು ಕಾಯಿಸುತ್ತದೆ. ಊರಿನ ಓಡಾಟದಲ್ಲೋ ಇಂಜಿನ್ ಬಿಸಿಯೇ ಆಗದೆ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಆ ಪೆಟ್ರೋಲ್ ಆಯಿಲಿಗಿಳಿದು ಆಯಿಲ್ ತೆಳುವಾಗುತ್ತದೆ.

ಬಾನೆಟ್ ಎತ್ತುವುದೂ ಅಷ್ಟೇ. ಓಡುವ ಕಾರಿನ ಮುಂದಿನ ಗಾಜಿನ ಬುಡದಲ್ಲಿ ಗಾಳಿಯ ಒತ್ತಡ ಹೆಚ್ಚು. ಒಳಗೆ ಕೂತವರಿಗೆ ಗಾಳಿ ಎಳೆಯುವ ಕಿಂಡಿ ಅಲ್ಲಿಯೇ ಇರುವುದು ಅದಕ್ಕೇ. ಅಲ್ಲಿ ಸಂದು ಕೊಟ್ಟರೆ ವೇಗದಲ್ಲಿ ಬಿಸಿ ಹೊರಬರುವ ಬದಲು ಗಾಳಿ ಒಳನುಗ್ಗಿ, ರೇಡಿಯೇಟರಿನ ಗಾಳಿಗೇ ಎದುರು ನಿಲ್ಲಬಹುದು.

ಕಡೆಯದಾಗಿ, ಈ ಬದಲಾವಣೆಗಳನ್ನು ಶಿರಸಿ-ಕುಮಟಾ ರಸ್ತೆಯ ದೇವಿಮನೆ ಘಟ್ಟದಲ್ಲಿ ‘ಟೆಸ್ಟ್’ ಮಾಡಬೇಡಿ. ಆ ತಿರುವುಗಳಲ್ಲಿ ಎದುರಿಗೆ ಬಸ್ ಬರುತ್ತದೆ, ಮಕ್ಕಳನ್ನು ಕೂರಿಸಿಕೊಂಡ ಬೈಕ್ ಬರುತ್ತದೆ. ಘಟ್ಟದ ಟೈಮಿಂಗ್ ಹೇಳಿಕೊಂಡು ಬರುವವರ ಗಾಡಿಯನ್ನು ನಾನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಪ್ರಶ್ನೆ: ರೇಡಿಯೇಟರಿಗೆ ನಮ್ಮ ಮನೆ ಬಾವಿಯ ನೀರು ನಡೆಯುತ್ತದೆಯೇ? ಕುಡಿಯಲು ಚೆನ್ನಾಗಿದೆ. (ಕಾರವಾರ)

ಉತ್ತರ: ಇಲ್ಲ. ಕಡಲ ಬದಿಯ ಬಾವಿಯಲ್ಲಿ ನಾಲಿಗೆಗೆ ಗೊತ್ತಾಗದಷ್ಟು ಉಪ್ಪಿದ್ದರೂ ಅಲ್ಯೂಮಿನಿಯಂ ತಿನ್ನುತ್ತದೆ. ಡಿಸ್ಟಿಲ್ಡ್ ವಾಟರ್, ಅದಕ್ಕೆ ಕೂಲೆಂಟ್.

ಪ್ರಶ್ನೆ: ಆಯಿಲಿಗೆ ಹಾಕುವ ಒಂದು ಬಾಟಲಿ 20 ಡಿಗ್ರಿ ಇಳಿಸುತ್ತದಂತೆ, ನಿಜವೇ? (ಕುಮಟಾ)

ಉತ್ತರ: ಸುಳ್ಳು.

ಪ್ರಶ್ನೆ: ರೇಡಿಯೇಟರ್ ಪ್ರೆಷರ್ ವಾಷ್ ಮಾಡಿಸಿದಮೇಲೆ ಮೊದಲಿಗಿಂತ ಹೆಚ್ಚು ಹೀಟ್ ಆಗುತ್ತಿದೆ. (ಅಂಕೋಲಾ)

ಉತ್ತರ: ರೇಡಿಯೇಟರಿನ ತೆಳು ತಗಡಿನ ಫಿನ್‌ಗಳು ಮಡಚಿವೆ. ಉಪ್ಪುಗಾಳಿಗೆ ಸವೆದ ಫಿನ್ ಹಪ್ಪಳಕ್ಕಿಂತ ನಾಜೂಕು. ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಹುಳ, ಧೂಳು, ಎಲೆ ಸೇರಿ ಕಂಬಳಿಯಂತೆ ಕೂತಿರುತ್ತದೆ. ಎರಡನ್ನೂ ಬೇರೆ ಮಾಡಿ, ಇಂಜಿನ್ ಕಡೆಯಿಂದ ಹೊರಕ್ಕೆ ತೋಟದ ಪೈಪಿನ ಸಾದಾ ನೀರು ಬಿಡಿ.

ಪ್ರಶ್ನೆ: ಲ್ಯಾಪ್ ಮುಗಿಸಿ ಪಿಟ್‌ಗೆ ಬಂದ ಕೂಡಲೇ ಇಂಜಿನ್ ಬಂದ್ ಮಾಡಿದರೆ ಬೇಗ ತಣ್ಣಗಾಗುವುದಿಲ್ಲವೇ? (ಹೊನ್ನಾವರ)

ಉತ್ತರ: ಬಂದ್ ಮಾಡಿದರೆ ನೀರು, ಆಯಿಲ್ ಎರಡೂ ನಿಂತಲ್ಲೇ ಇನ್ನಷ್ಟು ಕಾಯುತ್ತವೆ. ಕೊನೆಯ ಒಂದು ಲ್ಯಾಪ್ ಎಸಿ ಹಾಕದೆ, ಮೇಲಿನ ಗೇರಿನಲ್ಲಿ, ಬ್ರೇಕ್ ಆದಷ್ಟು ಮುಟ್ಟದೆ ನಿಧಾನ ಓಡಿಸಿ. ಬಂದು ನಿಂತಮೇಲೂ ಎರಡು ನಿಮಿಷ ಇಂಜಿನ್ ಓಡಲಿ. ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಕಾದ ಡಿಸ್ಕಿಗೆ ಪ್ಯಾಡ್ ಅಂಟುತ್ತದೆ. ಚಕ್ರಕ್ಕೆ ಕಲ್ಲು ಕೊಡಿ, ಇಂಜಿನ್ ಬಂದ್ ಮಾಡಿದಮೇಲೆ ಗೇರಿನಲ್ಲಿ ಬಿಡಿ.