ದಾವಣಗೆರೆಗೆ ರಜೆಗೆ ಬಂದ ಮಿಲಿಟರಿ ಡಾಕ್ಟರ್ ಟೋಪಿಯಲ್ಲಿ ಹಾವಿನ ಚಿಹ್ನೆ ಇತ್ತು. ಅದು ಯಾವ ದಳದ್ದು, ಅದರ ಇತಿಹಾಸ ಏನು?

ಅದು ಆರ್ಮಿ ಮೆಡಿಕಲ್ ಕೋರ್‌ನ ಚಿಹ್ನೆ. ಒಂದು ಕೋಲು, ಅದಕ್ಕೆ ಸುತ್ತಿಕೊಂಡ ಒಂದೇ ಹಾವು, ಸುತ್ತ ಎಲೆಗಳ ಹಾರ, ಮೇಲೆ ಅಶೋಕ ಸ್ತಂಭದ ಸಿಂಹಗಳು. ನಮ್ಮೂರಿನ ಮೆಡಿಕಲ್ ಶಾಪ್ ಬೋರ್ಡುಗಳಲ್ಲಿ ಕೆಲವು ಕಡೆ ಎರಡು ಹಾವು, ರೆಕ್ಕೆ ಇರುತ್ತಲ್ವಾ, ಅದು ಬೇರೆ. ವೈದ್ಯಕೀಯದ ನಿಜವಾದ ಗುರುತು ಒಂದು ಹಾವಿನದ್ದೇ. ದಳದ ಧ್ಯೇಯವಾಕ್ಯ 'ಸರ್ವೇ ಸಂತು ನಿರಾಮಯಾಃ'.

1943ರ ಏಪ್ರಿಲ್ 3ರಂದು, ಬ್ರಿಟಿಷರ ಕಾಲದ ಮೂರು ವೈದ್ಯಕೀಯ ಸೇವೆಗಳನ್ನು ಸೇರಿಸಿ ಈ ದಳ ಕಟ್ಟಿದರು. ತರಬೇತಿ ಕೇಂದ್ರ ಲಕ್ನೋದಲ್ಲಿದೆ.

ನನಗೆ ಜಾಸ್ತಿ ಹೆಮ್ಮೆ ಕೊರಿಯಾ ಯುದ್ಧದ ಬಗ್ಗೆ. ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರ 60ನೇ ಪ್ಯಾರಾ ಫೀಲ್ಡ್ ಆಂಬುಲೆನ್ಸ್ (ಪ್ಯಾರಾಚೂಟ್‌ನಲ್ಲಿ ಜಿಗಿಯಬಲ್ಲ ಯುದ್ಧಭೂಮಿ ವೈದ್ಯಕೀಯ ತಂಡ) 1950ರ ಕೊನೆಗೆ ಅಲ್ಲಿಗೆ ಹೋಯಿತು. ಉತ್ತರ ಕೊರಿಯಾದ ರಾಜಧಾನಿ ಪ್ಯೊಂಗ್ಯಾಂಗ್ ಬಿಡಬೇಕಾದಾಗ ಔಷಧಿ, ಸಲಕರಣೆ ಬಿಟ್ಟು ಓಡಲಿಲ್ಲ. ಹಳೆಯ ಉಗಿಬಂಡಿಗೆ ಎಲ್ಲ ತುಂಬಿ, ತಾವೇ ಎಂಜಿನ್ ನಡೆಸಿಕೊಂಡು ಬಂದರು! 1951ರ ಮಾರ್ಚ್‌ನಲ್ಲಿ ಅಮೆರಿಕದ ಪ್ಯಾರಾ ಸೈನಿಕರ ಜೊತೆ ಇವರ ತಂಡವೂ ವಿಮಾನದಿಂದ ಜಿಗಿಯಿತು. ರಂಗರಾಜ್ ಅವರಿಗೆ ಮಹಾವೀರ ಚಕ್ರ ಬಂತು.

ಈ ದಳದ ಇತ್ತೀಚಿನ ವೀರರಲ್ಲಿ ಒಬ್ಬರು ಮೇಜರ್ ಲೈಶ್ರಾಮ್ ಜ್ಯೋತಿನ್ ಸಿಂಗ್. 2010ರ ಫೆಬ್ರವರಿಯಲ್ಲಿ ಕಾಬೂಲ್‌ನಲ್ಲಿ ಆತ್ಮಾಹುತಿ ದಾಳಿಕೋರನನ್ನು ಬರಿಗೈಯಲ್ಲಿ ಹಿಡಿದುಕೊಂಡು ಜೊತೆಗಾರರ ಜೀವ ಉಳಿಸಿ, ತಾವು ಪ್ರಾಣ ಕೊಟ್ಟರು. ಅವರಿಗೆ ಮರಣೋತ್ತರ ಅಶೋಕ ಚಕ್ರ ಸಂದಿದೆ.