ಕಾಲು ಹೆಚ್ಚು ಆಡಿಸದ ಸೆಹ್ವಾಗ್ ಟೆಸ್ಟ್ ಓಪನರ್ ಆಗಿ ಗೆದ್ದದ್ದು ಹೇಗೆ? ದಾವಣಗೆರೆಯಲ್ಲಿ ಪಿಚ್‌ಗೆ ಹಾಸಿದ ಮ್ಯಾಟ್ ಮೇಲೆ ಆಡುವ ಹುಡುಗರಿಗೂ ಅದು ಸಾಧ್ಯವೇ?

ಅವರ ತಲೆ ಅಲುಗುತ್ತಿರಲಿಲ್ಲ, ಯಾವ ಚೆಂಡಿಗೆ ಹೊಡೆಯಬೇಕೆಂಬ ನಿರ್ಧಾರ ಬೇಗ ಆಗುತ್ತಿತ್ತು. ಗೆಲುವಿನ ಮುಖ್ಯ ಕಾರಣ ಅದೇ.

2001ರಲ್ಲಿ ಮೊದಲ ಟೆಸ್ಟ್‌ನಲ್ಲಿ ಆರನೇ ಕ್ರಮಾಂಕದಲ್ಲಿ 105 ಹೊಡೆದವರನ್ನು 2002ರಲ್ಲಿ ಲಾರ್ಡ್ಸ್‌ನಲ್ಲಿ ಆರಂಭಕ್ಕೆ ಇಳಿಸಿದರು, ಅಲ್ಲಿ 84. ಮುಂದೆ ಮುಲ್ತಾನ್‌ನಲ್ಲಿ 309, ಚೆನ್ನೈನಲ್ಲಿ 319. ಒಟ್ಟು 104 ಟೆಸ್ಟ್‌, 8,586 ರನ್, ನೂರು ಚೆಂಡಿಗೆ ಸುಮಾರು 82ರ ವೇಗ. ಆರಂಭಿಕನೊಬ್ಬನಿಗೆ ಇದು ಅಪರೂಪ.

ಲೆಕ್ಕ ಹೀಗಿದೆ. ಹೊಸ ಚೆಂಡಿಗೆ ನಾಯಕ ಬ್ಯಾಟಿನ ಅಂಚಿಗೆ ತಾಗಿ ಹಿಂದೆ ಬರುವ ಕ್ಯಾಚ್‌ಗಾಗಿ ಮೂರು ಸ್ಲಿಪ್, ಒಂದು ಗಲ್ಲಿ ಇಡುತ್ತಾನೆ. ಬೌಂಡರಿ ಖಾಲಿ, ಚೆಂಡು ಗಟ್ಟಿ. ಗ್ಯಾಪ್‌ಗೆ ಬಿದ್ದರೆ ನಾಲ್ಕು. ಎರಡು ಬೌಂಡರಿ ಹೋದರೆ ಒಬ್ಬ ಸ್ಲಿಪ್ ಕವರ್‌ಗೆ ಸರಿಯುತ್ತಾನೆ. ಆಮೇಲೆ ಎಡ್ಜ್ ಆದರೂ ಹಿಡಿಯಲು ಅಲ್ಲಿ ಆಳಿಲ್ಲ.

ಮ್ಯಾಟ್ ಮೇಲೆ ಪುಟಿತ ಹೆಚ್ಚುಕಡಿಮೆ ಒಂದೇ ಸಮ. ನಿಂತಲ್ಲೇ ಬ್ಯಾಟ್ ಬೀಸಿದರೂ ನಡೆಯುತ್ತದೆ. ಬೆಳಗಿನ ತೇವದ, ಹುಲ್ಲು-ಮಣ್ಣಿನ ಟರ್ಫ್‌ನಲ್ಲಿ, ನಮ್ಮೂರಿನವರೇ ಆದ ವೇಗದ ಬೌಲರ್ ವಿನಯ್ ಕುಮಾರ್ ಅವರಂತೆ ಸೀಮ್ (ಚೆಂಡಿನ ಹೊಲಿಗೆ) ಮೇಲೆ ಹಾಕುವವರೆದುರು ಅದೇ ಹೊಡೆತ ಸ್ಲಿಪ್‌ಗೆ ಕ್ಯಾಚ್. ಹಾಗಂತ ಹೊಡೆಯುವುದನ್ನೇ ಬಿಡಬೇಡಿ, ಅದು ದೊಡ್ಡ ತಪ್ಪು. ಮೊದಲ ನಾಲ್ಕೈದು ಓವರ್ ಶಾರ್ಟ್ ಆಗಿ ಅಗಲಕ್ಕೆ ಬಂದದ್ದು, ಬ್ಯಾಟ್ ಬುಡಕ್ಕೆ ಬಂದದ್ದು, ಇವೆರಡಕ್ಕೆ ಮಾತ್ರ ಬ್ಯಾಟ್ ಬೀಸಿ. ಆಫ್ ಸ್ಟಂಪ್ ಬಳಿಯ ಲೆಂಗ್ತ್ ಚೆಂಡನ್ನು (ತೀರಾ ಶಾರ್ಟ್ ಅಲ್ಲದ, ಬ್ಯಾಟ್ ಬುಡಕ್ಕೂ ಬಾರದ ಚೆಂಡನ್ನು) ಕಣ್ಣಿನ ಕೆಳಗೆ ಬರುವವರೆಗೆ ಕಾದು ಆಡಿ.

ಹೆಚ್ಚಿನವರು ಎಡವುವುದು ಮುಂಗಾಲಲ್ಲಿ. ಅದು ಲೆಗ್ ಕಡೆ ಸರಿದರೆ ತಲೆಯೂ ಹಿಂದೆಯೇ ಹೋಗುತ್ತದೆ, ಚೆಂಡು ಬ್ಯಾಟಿನ ಹೊರ ಅಂಚಿಗೆ ಸಿಗುತ್ತದೆ. ನೆಟ್‌ನಲ್ಲಿ ಹೊಸ ಚೆಂಡು ಕೊಟ್ಟು 18 ಗಜದಿಂದ ಹಾಕಿಸಿಕೊಂಡರೆ ಈ ದೋಷ ಹತ್ತು ನಿಮಿಷದಲ್ಲಿ ಬಯಲಾಗುತ್ತದೆ.