ದೊಡ್ಡ ಕಂಪನಿಯಲ್ಲಿ ಕೋಡ್ ಬರೆಯುವವರ ಪ್ರಶ್ನೆಗಳು

ಪ್ರಶ್ನೆ: ದೊಡ್ಡ ಕಂಪನಿಗೆ ಸೇರಿ ಮೂರು ತಿಂಗಳಾಯಿತು. ನನ್ನ ಪುಲ್ ರಿಕ್ವೆಸ್ಟ್‌ಗಳನ್ನು (ನಾನು ಬರೆದ ಬದಲಾವಣೆಯನ್ನು ಮುಖ್ಯ ಕೋಡ್‌ಗೆ ಸೇರಿಸಿ ಎಂಬ ಕೋರಿಕೆಗಳನ್ನು) ನಾಲ್ಕೈದು ದಿನ ಯಾರೂ ನೋಡುವುದಿಲ್ಲ. ನೋಡಿದರೆ ಒಂದೇ ಸಲ ಮೂವತ್ತು ಕಾಮೆಂಟು. ಏನು ಮಾಡಲಿ?

ಮೊದಲು ನಿಮ್ಮ ಪುಲ್ ರಿಕ್ವೆಸ್ಟ್ ಎಷ್ಟು ಸಾಲಿನದು ನೋಡಿ. ಎರಡು ಮೀಟಿಂಗ್‌ಗಳ ನಡುವೆ ಸಿಗುವ ಇಪ್ಪತ್ತು ನಿಮಿಷದಲ್ಲಿ ಓದಿ ಮುಗಿಸುವಂತಿದ್ದರೆ ಯಾರಾದರೂ ಕೈಗೆತ್ತಿಕೊಳ್ಳುತ್ತಾರೆ. 1,200 ಸಾಲು ಕಂಡರೆ 'ನಾಳೆ ನೋಡೋಣ' ಅನ್ನುತ್ತಾರೆ, ಆ ನಾಳೆ ಬರುವುದಿಲ್ಲ. 200 ಸಾಲಿನ ಆಸುಪಾಸಿನಲ್ಲಿಡಿ.

ಒಡೆಯುವುದಕ್ಕೂ ಒಂದು ಕ್ರಮವಿದೆ. ಫೈಲ್ ಜಾಗ ಬದಲಿಸುವುದು, ಹೆಸರು ಬದಲಿಸುವುದು, ಫಾರ್ಮ್ಯಾಟರ್ ಓಡಿಸುವುದು ಮೊದಲನೆಯದರಲ್ಲಿ ಹೋಗಲಿ. ಹೊಸ ಫಂಕ್ಷನ್ ಮತ್ತು ಅದರ ಟೆಸ್ಟ್ ಎರಡನೆಯದರಲ್ಲಿ. ಅದನ್ನು ಇನ್ನೂ ಯಾರೂ ಕರೆಯದಿದ್ದರೂ ಅಡ್ಡಿಯಿಲ್ಲ. ಹಳೆಯ ಕೋಡ್‌ಗೆ ಜೋಡಿಸುವುದು ಮೂರನೆಯದರಲ್ಲಿ. ಹೆಸರು ಬದಲಾವಣೆಯನ್ನೂ ಲಾಜಿಕ್ ಬದಲಾವಣೆಯನ್ನೂ ಕಲಸಿದರೆ ನಲವತ್ತು ಫೈಲುಗಳು ಕೆಂಪು-ಹಸಿರಾಗಿ (ಅಳಿಸಿದ್ದು ಕೆಂಪು, ಸೇರಿಸಿದ್ದು ಹಸಿರು), ನಿಜವಾಗಿ ನೋಡಬೇಕಿದ್ದ ಒಂದು ಇಫ್ ಕಂಡೀಷನ್ ಅವುಗಳ ನಡುವೆ ಕಾಣದೇ ಹೋಗುತ್ತದೆ. ಬಗ್ ನುಸುಳುವುದು ಇಂಥ ಕಡೆಯೇ.

ವಿವರಣೆಯಲ್ಲಿ ನಾಲ್ಕು ವಿಷಯ ಸಾಕು: ತೊಂದರೆ ಏನಿತ್ತು, ಹೇಗೆ ಟೆಸ್ಟ್ ಮಾಡಿದಿರಿ, ಬೇಕೆಂದೇ ಏನನ್ನು ಮುಟ್ಟಿಲ್ಲ, ಕೆಟ್ಟರೆ ಹಿಂದಕ್ಕೆ ತೆಗೆಯುವುದು ಹೇಗೆ. 'ಫಿಕ್ಸ್ಡ್ ಇಶ್ಯೂ' ಎಂದಷ್ಟೇ ಬರೆಯುವುದು ಓದುವವರಿಗೆ ತೋರುವ ಅಗೌರವ.

ಮೂವತ್ತು ಕಾಮೆಂಟುಗಳನ್ನು ಒಮ್ಮೆ ವಿಂಗಡಿಸಿ. ಸ್ಪೇಸ್, ಹೆಸರು, ಇಂಪೋರ್ಟ್ ಬಗ್ಗೆ ಇದ್ದರೆ ಅದು ಲಿಂಟರ್ (ಇಂಥ ತಪ್ಪುಗಳನ್ನು ತಾನಾಗಿ ಹಿಡಿಯುವ ಟೂಲ್) ಮಾಡಬೇಕಾದ ಕೆಲಸ. ಪುಶ್ ಮಾಡುವ (ಕೋಡನ್ನು ತಂಡದ ಸರ್ವರ್‌ಗೆ ಕಳಿಸುವ) ಮುಂಚೆಯೇ ಅದು ಓಡುವಂತೆ ಹುಕ್ (ತಾನಾಗಿ ಓಡುವ ಸ್ಕ್ರಿಪ್ಟ್) ಹಾಕಿಕೊಳ್ಳಿ. 'ಈ ದಾರಿಯೇ ತಪ್ಪು' ಅನ್ನುವಂಥವಿದ್ದರೆ, ಕೋಡ್‌ಗೆ ಮುಂಚೆ ಒಂದು ಪುಟದ ಡಿಸೈನ್ ಬರೆದು ತೋರಿಸಬೇಕಿತ್ತು. ಒಂದೇ ಕಾಮೆಂಟ್ ಮೇಲೆ ಎರಡು ಸುತ್ತು ವಾದವಾದರೆ ಕರೆ ಮಾಡಿ ಹತ್ತು ನಿಮಿಷದಲ್ಲಿ ಮುಗಿಸಿ, ತೀರ್ಮಾನವನ್ನು ಅದೇ ಕಾಮೆಂಟ್ ಕೆಳಗೆ ಬರೆದಿಡಿ. ಇನ್ನೊಂದು ಮಾತು: ರಿವ್ಯೂ ನಡೆಯುತ್ತಿರುವಾಗ ರೀಬೇಸ್ ಮಾಡಿ (ಬದಲಾವಣೆಗಳ ಇತಿಹಾಸವನ್ನು ಮತ್ತೆ ಬರೆದು) ಫೋರ್ಸ್ ಪುಶ್ (ಹಳೆಯದರ ಮೇಲೆ ಬಲವಂತವಾಗಿ ಪುಶ್) ಮಾಡಬೇಡಿ. ಎಲ್ಲಿಯವರೆಗೆ ನೋಡಿದ್ದೆವು ಎಂಬ ಗುರುತು ರಿವ್ಯೂವರ್‌ಗೆ ತಪ್ಪಿಹೋಗುತ್ತದೆ. ತಿದ್ದುಪಡಿಗಳು ಹೊಸ ಕಮಿಟ್ (ದಾಖಲಾದ ಒಂದು ಬದಲಾವಣೆ) ಆಗಿಯೇ ಬರಲಿ, ಮರ್ಜ್ ಮಾಡುವಾಗ (ಮುಖ್ಯ ಕೋಡ್‌ಗೆ ಸೇರಿಸುವಾಗ) ಸ್ಕ್ವಾಶ್ ಮಾಡಿದರಾಯಿತು, ಅಂದರೆ ಎಲ್ಲವನ್ನೂ ಒಂದೇ ಕಮಿಟ್ ಮಾಡಿದರಾಯಿತು.

ಪ್ರಶ್ನೆ: ಮುಂದಿನ ವಾರ ನನ್ನ ಮೊದಲ ಆನ್-ಕಾಲ್ (ಸೇವೆ ಕೆಟ್ಟರೆ ಯಾವ ಹೊತ್ತಿನಲ್ಲೂ ನೋಡಿಕೊಳ್ಳುವ ಸರದಿ). ರಾತ್ರಿ ಅಲರ್ಟ್ ಬಂದರೆ ಕಾರಣ ಹುಡುಕಲು ಆಗುತ್ತದೋ ಇಲ್ಲವೋ ಎಂಬ ಭಯ.

ರಾತ್ರಿ ಕಾರಣ ಹುಡುಕುವುದು ನಿಮ್ಮ ಮೊದಲ ಕೆಲಸವೇ ಅಲ್ಲ. ಸೇವೆ ಶೇ. 99.9ರಷ್ಟು ಹೊತ್ತು ನಡೆಯಬೇಕು ಅಂದರೆ 30 ದಿನಕ್ಕೆ ಕೆಡಲು ಇರುವ ಅವಕಾಶ 43 ನಿಮಿಷ; 99.99 ಆದರೆ ನಾಲ್ಕು ನಿಮಿಷ ಚಿಲ್ಲರೆ. ಲಾಗ್ ಓದುತ್ತ ಕೂತರೆ ಅಷ್ಟೂ ಕರಗುತ್ತದೆ.

ಅಲರ್ಟ್ ಒಪ್ಪಿಕೊಂಡ ಮೇಲೆ ಗ್ರಾಫ್‌ನಲ್ಲಿ ಎರರ್ ಏರಲು ಶುರುವಾದ ನಿಮಿಷ ಹಿಡಿಯಿರಿ. ಆ ಹೊತ್ತಿಗೆ ಏನು ಬದಲಾಯಿತು? ಡಿಪ್ಲಾಯ್ (ಸರ್ವರ್‌ಗೆ ಹೊಸ ಕೋಡ್ ಹಾಕಿದ್ದು), ಕಾನ್ಫಿಗ್ (ಸೆಟ್ಟಿಂಗ್‌ಗಳು), ಫ್ಲ್ಯಾಗ್ (ಒಂದು ಫೀಚರನ್ನು ಆನ್-ಆಫ್ ಮಾಡುವ ಸ್ವಿಚ್), ಅವಧಿ ಮುಗಿದ ಸರ್ಟಿಫಿಕೇಟ್, ಈ ನಾಲ್ಕನ್ನು ಇದೇ ಕ್ರಮದಲ್ಲಿ ನೋಡಿ. ಡಿಪ್ಲಾಯ್ ಮೇಲೆ ಅನುಮಾನ ಬಂದರೆ ಸಾಕು, ಹಳೆಯ ಕೋಡ್‌ಗೆ ಮರಳಿ, ಅಂದರೆ ರೋಲ್‌ಬ್ಯಾಕ್ ಮಾಡಿ. ಸಾಬೀತು ಬೆಳಿಗ್ಗೆ ಮಾಡಬಹುದು. ಎಲ್ಲ ಸರ್ವರ್‌ಗಳನ್ನು ಒಟ್ಟಿಗೆ ರೀಸ್ಟಾರ್ಟ್ ಮಾಡುವ ಆಸೆ ಬರುತ್ತದೆ, ಬೇಡ. ಮೆಮೊರಿಯಲ್ಲಿದ್ದ ಕ್ಯಾಶ್ (ಬೇಗ ಸಿಗಲೆಂದು ಇಟ್ಟ ಡೇಟಾ) ಎಲ್ಲ ಖಾಲಿಯಾಗಿ ಅಷ್ಟೂ ಕೋರಿಕೆಗಳು ಡೇಟಾಬೇಸ್ ಮೇಲೆ ಮುಗಿಬೀಳುತ್ತವೆ, ಮೊದಲಿಗಿಂತ ಕೆಡುತ್ತದೆ. ಅರ್ಧ ಗಂಟೆಯಲ್ಲಿ ದಾರಿ ಕಾಣದಿದ್ದರೆ ಆನ್-ಕಾಲ್ ಪಟ್ಟಿಯ ಎರಡನೆಯವರನ್ನು ಎಬ್ಬಿಸಿ. ಎಬ್ಬಿಸಲೆಂದೇ ಅವರ ಹೆಸರು ಪಟ್ಟಿಯಲ್ಲಿರುವುದು.

ರೋಲ್‌ಬ್ಯಾಕ್ ಕೈಕೊಡುವ ಒಂದು ಜಾಗವಿದೆ: ಹೊಸ ಕೋಡ್ ಜೊತೆಗೇ ಡೇಟಾಬೇಸ್‌ನ ಕಾಲಂ ಅಳಿಸಿದ್ದರೆ, ಹಳೆಯ ಕೋಡ್ ಬಂದು ಇಲ್ಲದ ಕಾಲಂ ಹುಡುಕುತ್ತದೆ. ಆದ್ದರಿಂದ ಮೊದಲು ಹೊಸ ಕಾಲಂ ಸೇರಿಸಿ, ಎರಡಕ್ಕೂ ಬರೆಯಿರಿ, ಹಳೆಯ ಡೇಟಾ ತುಂಬಿಸಿ, ಓದುವುದನ್ನು ಹೊಸದಕ್ಕೆ ತಿರುಗಿಸಿ, ಹಳೆಯದಕ್ಕೆ ಬರೆಯುವುದನ್ನು ನಿಲ್ಲಿಸಿ. ಅಳಿಸುವುದು ಕೆಲವು ವಾರ ಬಿಟ್ಟು, ಬೇರೆಯೇ ಡಿಪ್ಲಾಯ್‌ನಲ್ಲಿ.

ಈ ವಾರವೇ ಪ್ರೊಡಕ್ಷನ್ ಪರ್ಮಿಷನ್ ಮತ್ತು ವಿಪಿಎನ್ ಪರೀಕ್ಷಿಸಿಕೊಳ್ಳಿ. ಟೆಸ್ಟ್ ಪರಿಸರದಲ್ಲಿ ಒಮ್ಮೆ ರೋಲ್‌ಬ್ಯಾಕ್ ಮಾಡಿ ನೋಡಿ.

ಪ್ರಶ್ನೆ: ಫೀಚರ್ ಫ್ಲ್ಯಾಗ್ ಪೂರ್ತಿ ಆನ್ ಆದಮೇಲೆ ಹಾಗೇ ಬಿಟ್ಟರೆ ನಷ್ಟವೇನು?

ಹತ್ತು ಫ್ಲ್ಯಾಗ್ ಇದ್ದರೆ ಆನ್-ಆಫ್‌ಗಳ 1,024 ಜೋಡಣೆಗಳು. ಅಷ್ಟನ್ನೂ ಯಾರೂ ಟೆಸ್ಟ್ ಮಾಡುವುದಿಲ್ಲ. ಅದಕ್ಕಿಂತ ಅಪಾಯ ಹಳೆಯ ಫ್ಲ್ಯಾಗನ್ನು ಹೊಸ ಕೆಲಸಕ್ಕೆ ಬಳಸುವುದು. 2012ರ ಆಗಸ್ಟ್ 1ರಂದು ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್‌ನಲ್ಲಿ ಹೀಗೇ ಆಯಿತು. ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ಹೋಗಿರಲಿಲ್ಲ. ಫ್ಲ್ಯಾಗ್ ಆನ್ ಆದಾಗ ಅದರಲ್ಲಿ ವರ್ಷಗಳ ಹಿಂದೆ ಕೈಬಿಟ್ಟ ಕೋಡ್ ಎದ್ದು ಕೂತು ಆರ್ಡರ್ ಮೇಲೆ ಆರ್ಡರ್ ಕಳಿಸಿತು. ಸುಮಾರು 45 ನಿಮಿಷದಲ್ಲಿ 40 ಕೋಟಿ ಡಾಲರ್‌ಗೂ ಹೆಚ್ಚು ಹೋಯಿತು. ಫ್ಲ್ಯಾಗ್ ಸೇರಿಸುವ ದಿನವೇ ತೆಗೆಯುವ ಟಿಕೆಟ್ ಕೂಡ ಬರೆದು, ತಾರೀಖು ಹಾಕಿಡಿ.

ಪ್ರಶ್ನೆ: ಹೋದ ವಾರ ಪಾಸಾಗುತ್ತಿದ್ದ ಟೆಸ್ಟ್ ಈಗ ಫೇಲ್. ನಡುವೆ ಸಾವಿರ ಕಮಿಟ್. ಯಾವುದೆಂದು ಹುಡುಕಲಿ?

ಗಿಟ್ ಬೈಸೆಕ್ಟ್ (ಕೆಡಿಸಿದ ಕಮಿಟನ್ನು ಹುಡುಕಿಕೊಡುವ ಕಮಾಂಡ್) ಬಳಸಿ. ಪ್ರತಿ ಸಲ ಅರ್ಧಕ್ಕೆ ಇಳಿಸುವುದರಿಂದ ಸಾವಿರಕ್ಕೆ ಹತ್ತು ಸಲ ಓಡಿಸಿದರೆ ಸಾಕು. ಆದರೆ ಅದಕ್ಕೆ ಮುಂಚೆ ಹಳೆಯ, ಒಳ್ಳೆಯ ಕಮಿಟ್‌ನಲ್ಲಿ ಆ ಟೆಸ್ಟನ್ನು ಇಪ್ಪತ್ತು ಸಲ ಓಡಿಸಿ. ಅಲ್ಲೂ ಒಮ್ಮೆ ಫೇಲ್ ಆದರೆ ಟೆಸ್ಟೇ ಚಂಚಲ, ಬೈಸೆಕ್ಟ್ ಯಾರೋ ಪಾಪದವರ ಕಮಿಟ್ ಕಡೆ ಬೆರಳು ತೋರಿಸುತ್ತದೆ.